ಗ್ಯಾಸ್ಕೆಟ್

ಮೂರನೇ ಬೋಲ್ಟು ಮುರಿಯಿತು.
ಮುರಿಯುವ ಮುಂಚೆ ಒಂದು ಗಳಿಗೆ ಮೆತ್ತಗಾಗುತ್ತದೆ,
ಸ್ಪ್ಯಾನರು ಬೆಣ್ಣೆಯಲ್ಲಿ ತಿರುಗಿದ ಹಾಗೆ.
ಆಗಲೇ ಗೊತ್ತಾಗುವುದು. ಗೊತ್ತಾಗಿ ಏನು ಬಂತು.

ಬೆಳಗಿನ ಮೊದಲ ಪೂಜೆ ಮುಗಿಸಿ ಬಂದ ಭಾನುವಾರ.
ಬನ್ನಿಮಂಟಪದ ನಮ್ಮ ಹಿತ್ತಲ ಶೀಟಿನಡಿ
ಇಟ್ಟಿಗೆಯ ಮೇಲೆ ಮುಂಗಾಲೂರಿ ನಿಂತಿದೆ
ಇಬ್ಬರೇ ಕೂರುವ, ಬಟ್ಟೆಯ ಸೂರಿನ ಕೆಂಪು ಕಾರು.
ಹುಟ್ಟಿದ್ದು ಗೋವಾದಲ್ಲಿ. ಮೈ ಫೈಬರಿನದು,
ಹೊಟ್ಟೆಯೊಳಗೆ ಫ್ರೆಂಚರ ಎಂಜಿನ್ನು.
ಮಾಡಿದವರು ಬಾಗಿಲು ಹಾಕಿ ಎಷ್ಟೋ ಕಾಲವಾಯಿತು.
"ಪಾರ್ಟ್ಸ್ ಸಿಗತ್ತಾ?" ಎಂದು ಕೇಳಿದವರಿಗೆ
ಬರೀ ನಕ್ಕುಬಿಡುತ್ತೇನೆ.

ನನ್ನ ಕಸುಬು ಹಲ್ಲಿನ ಸೆಟ್ಟು.
ಡಾಕ್ಟರು ಅಚ್ಚು ಕಳಿಸುತ್ತಾರೆ, ಮೇಣದಲ್ಲಿ ಒಸಡು ಕಟ್ಟುತ್ತೇನೆ,
ಇಪ್ಪತ್ತಾರು ವರ್ಷ, ಮುಖವೇ ನೋಡದ ಬಾಯಿಗಳು.
ಹಾಗಾಗಿ ಉಳಿದ ಬೇರು ಕೀಳಲು ಯಾರನ್ನೂ ಕರೆಯಲಿಲ್ಲ.
ಸಣ್ಣ ಬರ್ ಹಾಕಿ ಎಡಕ್ಕೆ ತಿರುಗಿಸಿ ಕೊರೆದೆ,
ಸೀಮೆಎಣ್ಣೆ ತೊಟ್ಟಿಕ್ಕಿಸಿ ಕಾಫಿ ಕುಡಿದು ಬಂದೆ,
ಮತ್ತೆ ಕೊರೆದೆ. ಬಂತು.
ಥೇಟ್ ಬುದ್ಧಿಹಲ್ಲು.

ವಾಟರ್ ಪಂಪು ಕಳಚಿದರೆ
ಅದರ ಬೆನ್ನಿಗೆ ಅಂಟಿತ್ತು ಒಂದು ರಟ್ಟು.
ಕಂಪನಿಯದಲ್ಲ. ಯಾರೋ ಕತ್ತರಿಯಲ್ಲಿ ಕತ್ತರಿಸಿ
ಶೆಲಾಕ್ ಬಳಿದು ಕೂರಿಸಿದ್ದು.
ಮೇಣದ ಚಾಕುವಿನಿಂದ ಮೆಲ್ಲಗೆ ಎಬ್ಬಿಸಿ
ಬೆಳಕಿಗೆ ಹಿಡಿದರೆ, ಅಕ್ಷರ.
"ಗುರು ಹಿರಿಯರು ನಿಶ್ಚ"
ಅಲ್ಲೊಂದು ಬೋಲ್ಟಿನ ತೂತು.
"ಚಿ|| ಸೌ|| ಪುಟ್ಟ"
ಅಲ್ಲಿಂದಾಚೆ ನೀರಿನ ದಾರಿ.
ಕೆಳಗೆ, ತುಕ್ಕಿನ ಬಣ್ಣಕ್ಕೆ ತಿರುಗಿದ ಪಾಂಡವಪುರ.

ಪುಟ್ಟ, ಏನು? ಪುಟ್ಟತಾಯಿ? ಪುಟ್ಟಗೌರಿ?
ಹಂಚಿ ಮಿಕ್ಕ ಲಗ್ನಪತ್ರಿಕೆ ಎಲ್ಲರ ಮನೆಯಲ್ಲೂ ಇರುತ್ತದೆ,
ಹಾಲಿನ ಲೆಕ್ಕಕ್ಕೆ, ಅಲುಗುವ ಮೇಜಿನ ಕಾಲಿಗೆ.
ಕತ್ತರಿಸಿದವನು ಮದುಮಗನೇ ಆಗಬೇಕೆಂದಿಲ್ಲ.
ಅಂತೂ ಕುದಿನೀರನ್ನು ಹಿಡಿದು ನಿಂತಿತ್ತು ಇದು.
ನಾನು ಕೊಂಡೇ ಒಂಬತ್ತು ವರ್ಷ,
ಮೊದಲ ಹನಿ ಜಿನುಗಿದ್ದು ಮೊನ್ನೆ.

ಲೇತಿನ ಮುನವ್ವರ್ ಸಾಬರಿಗೆ ರಜೆ ಶುಕ್ರವಾರ, ಭಾನುವಾರವಲ್ಲ.
ಪಂಪನ್ನು ಕಿವಿಯ ಹತ್ತಿರ ತಿರುಗಿಸಿ,
"ಬೇರಿಂಗೂ ಹೋಗಿದೆ, ಸೀಲೂ ಹೋಗಿದೆ. ಬಿಚ್ಚಿದ್ದ್ಯಾರು ಕ್ಲಾರಮ್ಮಾ?"
"ನಾನೇ."
"ಬೋಲ್ಟು ಮುರಿದಿದ್ದು?"
"ಅದೂ ನಾನೇ."
ಡಬ್ಬಗಳಲ್ಲಿ ಕೈಯಾಡಿಸಿ, ಮಂಡ್ಯ ಕಡೆ
ಕಬ್ಬಿನ ಗದ್ದೆಗೆ ನೀರೆತ್ತುವ ಪಂಪಿನ ಸೀಲೊಂದು ಹುಡುಕಿದರು.
ಅರ್ಧ ಮಿಲಿ ತಿರುವಿದರು, ಒತ್ತಿ ಕೂರಿಸಿದರು.
ಇನ್ನೂರೈವತ್ತು.
"ನೀರು ಎಲ್ಲಿದ್ರೂ ನೀರೇ" ಅಂದರು, ಚಿಲ್ಲರೆ ಎಣಿಸುತ್ತ.

ಜೋಡಿಸುವ ಮುಂಚೆ ನೀಲಿ ಕಾಗದ ಇಟ್ಟೆ,
ಹೊಸ ಸೆಟ್ಟು ಹಾಕಿ "ಕಚ್ಚಿ ನೋಡಿ" ಅನ್ನುತ್ತಾರಲ್ಲ, ಆ ಕಾಗದ.
ಎಂಜಿನ್ನು ಕಚ್ಚಿತು. ಎಡಗಡೆ ನೀಲಿ ಜಾಸ್ತಿ.
ಉಜ್ಜಿದೆ, ಮತ್ತೆ ಕಚ್ಚಿಸಿದೆ, ಮತ್ತೆ ಉಜ್ಜಿದೆ,
ಸುತ್ತಲೂ ಒಂದೇ ನೀಲಿ ಬರುವ ತನಕ.

ಗ್ಯಾಸ್ಕೆಟ್ ಹಾಳೆ ನಲವತ್ತು ರೂಪಾಯಿ.
ಹಳೆಯದನ್ನೇ ಮೇಲಿಟ್ಟು ಗೆರೆ ಎಳೆದೆ,
ಮುಗಿಯದ ಆ ಹೆಸರಿನ ಅಂಚಿನಲ್ಲಿ ಪೆನ್ಸಿಲು ಹೋಗಿ ಬಂತು.
ಲ್ಯಾಬಿನಲ್ಲಿ ಒಂದು ಡ್ರಾಯರಿದೆ,
ಯಾರೂ ಬಂದು ಒಯ್ಯದ ಸೆಟ್ಟುಗಳದ್ದು,
ಮಾಡಿಸಿದವರು ತೀರಿಕೊಂಡರೋ, ದುಡ್ಡು ಹೊಂದಲಿಲ್ಲವೋ.
ರಟ್ಟನ್ನು ಅದರಲ್ಲಿಟ್ಟೆ. ಏಕೆಂದು ಕೇಳಬೇಡಿ.

ಮುಂದಿನ ಭಾನುವಾರ ಸಂಜೆ ಸೂರು ಮಡಚಿ
ಶ್ರೀರಂಗಪಟ್ಟಣದ ಹೊಳೆ ದಾಟಿದೆ.
ಬಿಸಿಯ ಮುಳ್ಳು ನಡುವಿನಲ್ಲೇ ನಿಂತಿತ್ತು, ಅಲ್ಲಾಡದೆ.
ಬೈಕಿನ ಹುಡುಗರು ಪಕ್ಕಕ್ಕೆ ಬಂದು
"ಆಂಟೀ, ಯಾವ್ ಗಾಡಿ?"
ನನ್ನ ಉತ್ತರವನ್ನು ಗಾಳಿ ಹೊತ್ತುಕೊಂಡು ಹೋಯಿತು.
ಪಾಂಡವಪುರದ ಬೋರ್ಡು ಬಂತು. ಕಾಲು ಬ್ರೇಕಿನ ಮೇಲೆ ಹೋಯಿತು.
ತಿರುಗಲಿಲ್ಲ.

ಎಳನೀರು ಕುಡಿದು ಬಗ್ಗಿ ನೋಡಿದೆ.
ಪಂಪಿನಡಿ ಒಣ ನೆಲ.
ಪಕ್ಕದಲ್ಲಿ, ಗೇರ್‌ಬಾಕ್ಸಿನ ಕೆಳಗೆ, ಒಂದು ಕಪ್ಪು ಹನಿ.
ಬೆರಳಲ್ಲೊತ್ತಿ ಮೂಸಿದೆ. ಎಣ್ಣೆ.
ಸೆರಗಿಗೆ ಒರೆಸಿಕೊಳ್ಳಬಾರದಿತ್ತು,
ಒರೆಸಿಕೊಂಡೆ.